ತತ್ತಿ ಒಡೆದು ತಿನ್ನುವ ಕೋಳಿಗೆ ಖಾರದಪುಡಿ ಮದ್ದಲ್ಲ

ಹಿತ್ತಲ ಕೋಳಿ ತನ್ನ ತತ್ತಿ ತಾನೇ ಒಡೆದು ತಿನ್ನುತ್ತಿದೆ ಅಂದರೆ ನಮ್ಮ ಗಂಗಾವತಿ ಕಡೆ ಮೊದಲು ಸಿಗುವ ಸಲಹೆ ಖಾರದಪುಡಿ. ತತ್ತಿಗೆ ತೂತು ಮಾಡಿ ಒಳಗಿನದನ್ನು ಬಸಿದು ಖಾರ ತುಂಬಿ ಇಡು, ಒಮ್ಮೆ ಬಾಯಿ ಉರಿದರೆ ಮತ್ತೆ ಮುಟ್ಟಲ್ಲ ಅಂತಾರೆ. ಆದರೆ ಮೆಣಸಿನಕಾಯಿ ಖಾರ ನಮಗೆ ತಾಗುವ ಹಾಗೆ ಹಕ್ಕಿಗಳಿಗೆ ತಾಗುವುದೇ ಇಲ್ಲ. ಒಣಮೆಣಸಿನಕಾಯಿ ಹರವಿದ ಕಣಕ್ಕೆ ನುಗ್ಗಿ ಕೋಳಿಗಳು ಬೀಜ ಆರಿಸಿ ತಿನ್ನುವುದನ್ನು ನೀವೂ ನೋಡಿರುತ್ತೀರಿ ಅಲ್ವಾ? ಸುಮ್ನೆ ಖಾರ ದಂಡ.

ನನ್ನ ಲೆಕ್ಕದಲ್ಲಿ ಬಹಳ ಸಲ ಇದು ಶುರುವಾಗುವುದು ತೆಳು ಚಿಪ್ಪಿನಿಂದ. ತತ್ತಿ ತಾನಾಗಿ ಒಡೆಯುತ್ತದೆ, ಕೋಳಿ ರುಚಿ ನೋಡುತ್ತದೆ, ಆಮೇಲೆ ತಾನೇ ಕುಕ್ಕಿ ಒಡೆಯುತ್ತದೆ, ಒಂದನ್ನು ನೋಡಿ ಇನ್ನೊಂದು ಕಲಿಯುತ್ತದೆ. ಒಂದು ಚಿಪ್ಪಿಗೆ ಹೆಚ್ಚುಕಡಿಮೆ 2 ಗ್ರಾಂ ಕ್ಯಾಲ್ಸಿಯಂ ಬೇಕು. ನಮ್ಮದು ಭತ್ತದ ಸೀಮೆ, ಮಿಲ್ಲಿನಿಂದ ನುಚ್ಚು, ತೌಡು ಸಲೀಸಾಗಿ ಸಿಗುತ್ತವೆ ಅಂತ ಅದನ್ನೇ ಹಾಕುತ್ತೇವೆ, ಅದರಲ್ಲಿ ಕ್ಯಾಲ್ಸಿಯಂ ಏನೇನೂ ಸಾಲದು. ಬೇಸಿಗೆ ಬಂತೆಂದರೆ ಇನ್ನೂ ಕಷ್ಟ. ಕೋಳಿ ಬಾಯಿ ತೆರೆದು ತೇಕುತ್ತದೆ, ಮೇವು ಬಿಡುತ್ತದೆ, ತೇಕಿದಷ್ಟೂ ಚಿಪ್ಪು ತೆಳುವಾಗುತ್ತದೆ.

ಹಾಗಾಗಿ ಮೊದಲು ಮೇವು ಬದಲಿಸಿದೆ. ತತ್ತಿ ಕೋಳಿಗೆಂದೇ ಮಾರುವ ಲೇಯರ್ ಮೇವಿನಲ್ಲಿ ಕ್ಯಾಲ್ಸಿಯಂ ಸುಮಾರು ನೂರಕ್ಕೆ 3.5ರಿಂದ 4ರಷ್ಟು ಇರುತ್ತದೆ, ಅದೇ ಮುಖ್ಯ ಊಟ. ನುಚ್ಚು ಕೈತುತ್ತಿನಷ್ಟು ಮಾತ್ರ. ಬೇರೆ ಬಟ್ಟಲಲ್ಲಿ ಕಪ್ಪೆಚಿಪ್ಪಿನ ಚೂರು ಇಟ್ಟೆ. ಚಿಪ್ಪು ಕಟ್ಟುವುದು ಹೆಚ್ಚಾಗಿ ರಾತ್ರಿ, ಅದಕ್ಕೇ ಸಂಜೆ ಬಟ್ಟಲು ಖಾಲಿ ಇರಬಾರದು. ಮನೆಯ ತತ್ತಿಯ ಚಿಪ್ಪನ್ನೂ ಹಾಕಬಹುದು, ಆದರೆ ಹಂಚಿನ ಮೇಲೆ ಹುರಿದು ಪುಡಿ ಮಾಡಿ. ಅರ್ಧ ಹೋಳು ಹಾಗೇ ಎಸೆದರೆ ತತ್ತಿ ಅಂದರೆ ಊಟ ಅಂತ ನಾವೇ ಹೇಳಿಕೊಟ್ಟ ಹಾಗೆ. ನೆರಳಲ್ಲಿ ತಣ್ಣೀರು, ಬಿಸಿಲೇರುವ ಮುಂಚೆ ಮೇವು.

ಆಮೇಲೆ ಗೂಡು. ಟೊಮ್ಯಾಟೊ ಕ್ರೇಟುಗಳನ್ನು ಕತ್ತಲ ಮೂಲೆಯಲ್ಲಿಟ್ಟು, ಒಳಗೆ ಹುಲ್ಲು ದಪ್ಪಗೆ ಹಾಸಿ, ಬಾಯಿಗೆ ಗೋಣಿಚೀಲದ ಪರದೆ ಬಿಟ್ಟೆ. ನಾಲ್ಕೈದು ಕೋಳಿಗೆ ಒಂದು ಕ್ರೇಟು ಇರಲಿ, ಒಂದರಲ್ಲೇ ನೂಕಾಡಿದರೆ ತುಳಿದು ಒಡೆಯುತ್ತವೆ. ಪ್ರತಿ ಕ್ರೇಟಿನಲ್ಲಿ ತತ್ತಿ ಗಾತ್ರದ ಬಿಳಿ ಗುಂಡುಕಲ್ಲು ಇಟ್ಟೆ. ಕುಕ್ಕಿದರೆ ಕೊಕ್ಕು ನೋಯುತ್ತದೆ, ಬಾಯಿಗೆ ಏನೂ ಸಿಗಲ್ಲ. ಹೆಚ್ಚಿನವು ಬೆಳಿಗ್ಗೆಯೇ ಇಡುವುದರಿಂದ ಅವ್ವ ಮಧ್ಯಾಹ್ನದೊಳಗೆ ಎರಡು ಮೂರು ಸಲ ಹೋಗಿ ಎತ್ತಿಕೊಂಡು ಬರುತ್ತಾಳೆ. ನಿಜ ಹೇಳಬೇಕೆಂದರೆ ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಇದೇ.

ಒಂದು ಕಂದು ಕೋಳಿ ಮಾತ್ರ ಜಗ್ಗಲಿಲ್ಲ. ಕೊಕ್ಕಿನ ಮೇಲೆ ಹಳದಿ ಒಣಗಿರುತ್ತದೆ, ಕಳ್ಳಿ ಯಾರೆಂದು ಹುಡುಕಬೇಕಿಲ್ಲ. "ಕೊಕ್ಕು ಸುಟ್ಟುಬಿಡಪ್ಪಾ" ಅಂದರು ಪಕ್ಕದ ಮನೆ ದೊಡ್ಡವ್ವ. ಅದು ನನಗೆ ಒಪ್ಪಲಿಲ್ಲ. ಅದನ್ನು ಬೇರೆ ಇಟ್ಟು, ಹಲಗೆಯ ತಳ ಸ್ವಲ್ಪ ಹಿಂದಕ್ಕೆ ಓರೆ ಇರುವ ಡಬ್ಬ ಮಾಡಿದೆ. ಇಟ್ಟ ತತ್ತಿ ಉರುಳಿ ಹಿಂದಿನ ಸಂದಿಯಿಂದ ಆಚೆ ಹುಲ್ಲಿನ ಮೇಲೆ ಬೀಳುತ್ತದೆ, ಕೊಕ್ಕಿಗೆ ಎಟುಕಲ್ಲ. ಓರೆ ಜಾಸ್ತಿಯಾದರೆ ಕೋಳಿ ಕೂರುವುದೇ ಇಲ್ಲ, ತತ್ತಿ ನಿಧಾನಕ್ಕೆ ಉರುಳುವಷ್ಟು ಸಾಕು. ಆ ಕೋಳಿ ಈಗಲೂ ಅದರಲ್ಲೇ ಇಡುತ್ತದೆ, ಉಳಿದವುಗಳ ಜೊತೆ ಬಿಡುವುದು ಮಧ್ಯಾಹ್ನದ ಮೇಲೆ, ಕ್ರೇಟುಗಳೆಲ್ಲ ಖಾಲಿಯಾದಾಗ.