ಬಿಸಿಲೂರಿನ ಪಿಸಿಗೆ ಸದ್ದು ಮಾಡದ ಗ್ರಾಫಿಕ್ಸ್ ಕಾರ್ಡ್: ಆರಿಸುವುದು ಹೇಗೆ?

ಗೇಮ್‌ನ ಚಿತ್ರಗಳನ್ನು ಪರದೆಗೆ ಮೂಡಿಸುವ ಗ್ರಾಫಿಕ್ಸ್ ಕಾರ್ಡ್‌ಗಳ ವಿಮರ್ಶೆ ವಿಡಿಯೊ ನೋಡುವಾಗ ಒಂದು ವಿಷಯ ಗಮನಿಸಿ. ಪರೀಕ್ಷೆ ನಡೆಯುವ ಕೋಣೆಯ ಉಷ್ಣಾಂಶ ಸಾಮಾನ್ಯವಾಗಿ 20ರಿಂದ 25 ಡಿಗ್ರಿ. ‘ಈ ಕಾರ್ಡ್ ಸದ್ದೇ ಮಾಡಲ್ಲ’ ಎಂದು ಅವರು ಹೇಳಿದರೆ ಆ ಕೋಣೆಯ ಮಟ್ಟಿಗೆ ಅದು ನಿಜ. ರಾಯಚೂರಿನಲ್ಲಿ ಏಪ್ರಿಲ್, ಮೇ ಬಂತೆಂದರೆ ಹೊರಗೆ 40 ಡಿಗ್ರಿ ದಾಟುತ್ತದೆ. ಎಸಿ ಇಲ್ಲದ ಮನೆಯಲ್ಲಿ, ಹಗಲೆಲ್ಲ ಕಾದ ಆರ್‌ಸಿಸಿ ಛಾವಣಿಯ ಕೆಳಗೆ, ರಾತ್ರಿ ಊಟ ಮುಗಿಸಿ ಗೇಮ್ ಆಡಲು ಕೂತಾಗಲೂ ಕೋಣೆ 35ರ ಮೇಲೇ ಇರುತ್ತದೆ. ಅದೇ ಕಾರ್ಡ್ ಇಲ್ಲಿ ಬೇರೆಯೇ ದನಿ ತೆಗೆಯುತ್ತದೆ.

ಕಾರಣ ಸರಳ. ಫ್ಯಾನ್ ವೇಗ ಅಷ್ಟೇ ಇದ್ದರೆ, ಕೋಣೆ ಎಷ್ಟು ಡಿಗ್ರಿ ಬಿಸಿಯಾಗುತ್ತದೋ ಕಾರ್ಡ್‌ನ ಚಿಪ್ ಕೂಡ ಹೆಚ್ಚುಕಡಿಮೆ ಅಷ್ಟೇ ಬಿಸಿಯಾಗುತ್ತದೆ. 23 ಡಿಗ್ರಿ ಕೋಣೆಯಲ್ಲಿ 65ಕ್ಕೆ ನಿಲ್ಲುತ್ತಿದ್ದ ಚಿಪ್, 37 ಡಿಗ್ರಿ ಕೋಣೆಯಲ್ಲಿ 79ಕ್ಕೆ ಹೋಗುತ್ತದೆ. ಅಷ್ಟು ಏರಲು ಕಾರ್ಡ್ ಬಿಡುವುದಿಲ್ಲ, ಫ್ಯಾನ್ ಜೋರು ಮಾಡುತ್ತದೆ. ಸದ್ದು ಅಲ್ಲಿಂದ ಶುರು. ಅದಕ್ಕೇ ನಮ್ಮ ಕಡೆ ಕಾರ್ಡ್ ಕೊಳ್ಳುವವರು ಮೊದಲು ನೋಡಬೇಕಾದದ್ದು ವ್ಯಾಟ್, ಅಂದರೆ ಕಾರ್ಡ್ ಎಷ್ಟು ಕರೆಂಟ್ ತಿಂದು ಶಾಖ ಮಾಡುತ್ತದೆ ಎಂಬುದು. ಹೆಸರು, ಬಣ್ಣದ ಲೈಟು, ಡಬ್ಬಿ ಮೇಲಿನ ಚಿತ್ರ ಎಲ್ಲ ಆಮೇಲೆ.

ಸದ್ದು ಎಲ್ಲಿಂದ ಬರುತ್ತಿದೆ?

ದುಡ್ಡು ಖರ್ಚು ಮಾಡುವ ಮೊದಲು ಇದನ್ನು ಖಚಿತ ಮಾಡಿಕೊಳ್ಳಿ. ಎಷ್ಟೋ ಸಲ ಕಾರ್ಡ್ ಸುಮ್ಮನೇ ಇರುತ್ತದೆ, ಕೂಗುವುದು ಪ್ರೊಸೆಸರ್ ಮೇಲಿನ ಸಣ್ಣ ಫ್ಯಾನ್ ಅಥವಾ ಪಿಸಿಗೆ ಕರೆಂಟ್ ಕೊಡುವ ಡಬ್ಬಿಯಾದ ಎಸ್‌ಎಂಪಿಎಸ್.

ಕ್ಯಾಬಿನೆಟ್‌ನ ಪಕ್ಕದ ಪ್ಲೇಟ್ ತೆಗೆದು ಗೇಮ್ ಹಚ್ಚಿ. ನ್ಯೂಸ್‌ಪೇಪರ್ ಹಾಳೆಯನ್ನು ಕೊಳವೆಯಂತೆ ಸುತ್ತಿ ಒಂದು ತುದಿ ಕಿವಿಗಿಡಿ. ಇನ್ನೊಂದು ತುದಿಯನ್ನು ಒಂದೊಂದೇ ಫ್ಯಾನ್‌ನ ಹತ್ತಿರ ಒಯ್ಯಿರಿ. ನಾಲ್ಕು ಬೆರಳಿನಷ್ಟು ಅಂತರ ಇರಲಿ, ತಾಗಿಸಬೇಡಿ. ಸದ್ದು ಎಲ್ಲಿಯದು ಎಂದು ತಕ್ಷಣ ತಿಳಿಯುತ್ತದೆ. ಇನ್ನೂ ಅನುಮಾನವಿದ್ದರೆ ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು ಕಾರ್ಡ್‌ನ ಫ್ಯಾನನ್ನು ಶೇ 30ಕ್ಕೆ ಇಳಿಸಿ, ನಂತರ 70ಕ್ಕೆ ಏರಿಸಿ. ಸದ್ದು ಬದಲಾಗದಿದ್ದರೆ ತಪ್ಪು ಕಾರ್ಡ್‌ನದಲ್ಲ.

ಪ್ಲೇಟ್ ತೆಗೆದ ಕೂಡಲೇ ಚಿಪ್ ಉಷ್ಣಾಂಶ ಏಳೆಂಟು ಡಿಗ್ರಿ ಇಳಿದರೆ ಗಾಳಿ ಓಡಾಟವೇ ಸರಿ ಇಲ್ಲ ಎಂದರ್ಥ. ಹೊಸ ಕಾರ್ಡ್ ಹಾಕಿದರೂ ಅದು ಹಾಗೇ ಕೂಗುತ್ತದೆ. ನಮ್ಮ ಮನೆಗಳ ಕಂಪ್ಯೂಟರ್ ಟೇಬಲ್‌ಗಳಲ್ಲಿ ಸಿಪಿಯು ಇಡಲು ಒಂದು ಗೂಡು ಮಾಡಿರುತ್ತಾರೆ, ಮೂರು ಕಡೆ ಹಲಗೆ. ಬಿಸಿ ಗಾಳಿ ಹಿಂದಿನ ಹಲಗೆಗೆ ಬಡಿದು ಮತ್ತೆ ಒಳಗೇ ಬರುತ್ತದೆ. ಮೊದಲು ಅದನ್ನು ಗೂಡಿನಿಂದ ಹೊರಗಿಡಿ. ಧೂಳು ಕೂರದಿರಲಿ ಎಂದು ಹೊದಿಸಿದ ಬಟ್ಟೆಯ ಕವರ್ ಇದ್ದರೆ ಆಡುವಾಗ ತೆಗೆದಿಡಿ. ಮುಂದೆ ಕೆಳಗಡೆ ಗಾಳಿ ಎಳೆಯುವ ಒಂದು 120 ಎಂಎಂ ಫ್ಯಾನ್ ಸೇರಿಸಿದರೆ ಕಾರ್ಡ್‌ಗೆ ನೇರ ಗಾಳಿ ಸಿಗುತ್ತದೆ. ಮುಂಭಾಗ ಪೂರ್ತಿ ಗಾಜಿನ ಕ್ಯಾಬಿನೆಟ್ ನೋಡಲು ಚೆಂದ, ಆದರೆ ನಮ್ಮ ಹವೆಗೆ ಜಾಲರಿ ಮುಖದ್ದೇ ಸರಿ.

ಮಾನಿಟರ್ ಕೇಳಿದಷ್ಟೇ ಕೊಳ್ಳಿ

ನಿಮ್ಮದು 1080ಪಿ (1920x1080 ಚುಕ್ಕೆಗಳ ಪರದೆ), 60 ಹರ್ಟ್ಸ್ ಮಾನಿಟರ್ ಆದರೆ ಸೆಕೆಂಡಿಗೆ 60ಕ್ಕಿಂತ ಜಾಸ್ತಿ ಫ್ರೇಮ್, ಅಂದರೆ ಚಿತ್ರ, ಅದು ತೋರಿಸಲಾರದು. ಉಳಿದ ಫ್ರೇಮ್‌ಗಳಿಗೆ ಖರ್ಚಾಗುವುದು ಕರೆಂಟು, ಬರುವುದು ಶಾಖ. ವ್ಯಾಲರಂಟ್, ಜಿಟಿಎ 5ರಂಥ ಗೇಮ್‌ಗಳನ್ನೇ ಆಡುವವರು ದೊಡ್ಡ ಕಾರ್ಡ್‌ನ ಆಸೆಗೆ ಬೀಳಬೇಕಿಲ್ಲ. 144 ಹರ್ಟ್ಸ್ ಅಥವಾ 1440ಪಿ ಮಾನಿಟರ್ ಇದ್ದರೆ ಮಾತು ಬೇರೆ.

ಎಸ್‌ಎಂಪಿಎಸ್‌ನ ಸ್ಟಿಕರ್ ಓದಿ

ಇಲ್ಲಿ ನಿಧಾನವಾಗಿ ನೋಡಿ, ಯಾಕೆಂದರೆ ಇಲ್ಲಿ ಎಡವಿದರೆ ಕಾರ್ಡ್ ಮಾತ್ರವಲ್ಲ, ಇಡೀ ಪಿಸಿಗೇ ಅಪಾಯ. ಅಸೆಂಬಲ್ಡ್ ಪಿಸಿಗಳಲ್ಲಿ ಬರುವ ಅಗ್ಗದ ಎಸ್‌ಎಂಪಿಎಸ್ ಮೇಲೆ ‘450’ ಎಂದು ದೊಡ್ಡದಾಗಿ ಬರೆದಿರುತ್ತದೆ. ಅದನ್ನು ನಂಬಬೇಡಿ. ಪಕ್ಕದಲ್ಲಿ ಅಂಟಿಸಿದ ಸ್ಟಿಕರ್‌ನಲ್ಲಿ ಒಂದು ಪಟ್ಟಿ ಇರುತ್ತದೆ. ಅದರಲ್ಲಿ +12 ವೋಲ್ಟ್ ಎದುರು ಎಷ್ಟು ಆಂಪಿಯರ್ ಎಂದು ನೋಡಿ. ಗ್ರಾಫಿಕ್ಸ್ ಕಾರ್ಡ್ ಮತ್ತು ಪ್ರೊಸೆಸರ್ ಎರಡೂ ಬದುಕುವುದು ಆ ಸಾಲಿನ ಮೇಲೆ. ಅಲ್ಲಿ 16 ಎಂದಿದ್ದರೆ 12 ಗುಣಿಸು 16, ಅಂದರೆ 192 ವ್ಯಾಟ್ ಮಾತ್ರ. 450 ಎಲ್ಲಿ, 192 ಎಲ್ಲಿ! ಒಳ್ಳೆಯ 550 ವ್ಯಾಟ್ ಎಸ್‌ಎಂಪಿಎಸ್‌ನಲ್ಲಿ ಈ ಸಾಲು 40 ಆಂಪಿಯರ್‌ಗಿಂತ ಜಾಸ್ತಿ ಇರುತ್ತದೆ.

ಕಾರ್ಡ್‌ಗೆ ಮದರ್‌ಬೋರ್ಡ್‌ನ ಸ್ಲಾಟ್‌ನಿಂದ 75 ವ್ಯಾಟ್ ತನಕ ಸಿಗುತ್ತದೆ. 6 ಪಿನ್ ವೈರ್ ಇನ್ನೊಂದು 75 ಕೊಡುತ್ತದೆ, 8 ಪಿನ್ ವೈರ್ 150 ಕೊಡುತ್ತದೆ. ನಿಮ್ಮ ಎಸ್‌ಎಂಪಿಎಸ್‌ನಲ್ಲಿ 8 ಪಿನ್ ವೈರ್ ಇಲ್ಲದಿದ್ದರೆ ಹಾರ್ಡ್ ಡಿಸ್ಕ್ ವೈರ್‌ನಿಂದ ತಿರುಗಿಸುವ ಕನ್ವರ್ಟರ್ ಹಾಕುತ್ತೇವೆ ಎಂದು ಅಂಗಡಿಯಲ್ಲಿ ಹೇಳಬಹುದು. ಬೇಡ ಅನ್ನಿ. ಬಿಸಿಲುಗಾಲದಲ್ಲಿ ಆ ತೆಳು ವೈರ್ ಮತ್ತು ಅದರ ಪಿನ್‌ಗಳೇ ಮೊದಲು ಸುಡುವುದು. ವೋಲ್ಟೇಜ್ ಏರಿಳಿತ ಇರುವ ಊರಲ್ಲಿ ಗಟ್ಟಿ ಎಸ್‌ಎಂಪಿಎಸ್‌ಗೆ ಹಾಕಿದ ದುಡ್ಡು ವ್ಯರ್ಥವಲ್ಲ. ಅದರ ಫ್ಯಾನೂ ನಿಧಾನವಾಗಿ ತಿರುಗುತ್ತದೆ.

ಯುಪಿಎಸ್ ಕೂಡ ನೆನಪಿರಲಿ. ಮನೆಗಳಲ್ಲಿ ಸಾಮಾನ್ಯವಾಗಿರುವ 600 ವಿಎ ಯುಪಿಎಸ್ ತಡೆಯುವುದು ಸುಮಾರು 360 ವ್ಯಾಟ್. ಕಾರ್ಡ್, ಪ್ರೊಸೆಸರ್, ಮಾನಿಟರ್ ಮೂರೂ ಸೇರಿ ಅದನ್ನು ದಾಟಿದರೆ ಕರೆಂಟ್ ಹೋದ ಕ್ಷಣವೇ ಪಿಸಿ ಆಫ್ ಆಗುತ್ತದೆ.

ಕ್ಯಾಬಿನೆಟ್ ಒಳಗಿನ ಉದ್ದವನ್ನು ಟೇಪ್‌ನಿಂದ ಅಳೆದಿಡಿ. ಎರಡು ಫ್ಯಾನ್‌ನ ಕಾರ್ಡ್ ಸುಮಾರು 20ರಿಂದ 25 ಸೆಂ.ಮೀ. ಇರುತ್ತದೆ, ಮೂರು ಫ್ಯಾನ್‌ನದ್ದು 30ರ ಆಸುಪಾಸು.

ಈಗ ವ್ಯಾಟ್ ಲೆಕ್ಕ

ಹೊಸ ಕಾರ್ಡ್ ಎಂದರೆ ಜಾಸ್ತಿ ಕರೆಂಟ್ ಎಂಬ ನಂಬಿಕೆ ಹಲವರಲ್ಲಿದೆ. ಈ ಮಟ್ಟದ ಕಾರ್ಡ್‌ಗಳಲ್ಲಿ ಹಾಗಿಲ್ಲ. 2017ರ ಎಎಂಡಿ ಕಾರ್ಡ್ ಆರ್‌ಎಕ್ಸ್ 580 ತಿನ್ನುವುದು 185 ವ್ಯಾಟ್. 2021ರ ಆರ್‌ಎಕ್ಸ್ 6600 ಅದರ ಒಂದೂವರೆ ಪಟ್ಟಿಗೂ ಜಾಸ್ತಿ ವೇಗ ಕೊಟ್ಟು 132 ವ್ಯಾಟ್‌ಗೆ ನಿಲ್ಲುತ್ತದೆ. ಎನ್ವಿಡಿಯಾದ ಆರ್‌ಟಿಎಕ್ಸ್ 3060ಕ್ಕೆ 170 ವ್ಯಾಟ್ ಬೇಕು. ಅದಕ್ಕಿಂತ ಸ್ವಲ್ಪ ವೇಗದ 4060ಕ್ಕೆ 115 ಸಾಕು. 2025ರಲ್ಲಿ ಬಂದ ಆರ್‌ಟಿಎಕ್ಸ್ 5060 ಇನ್ನೂ ವೇಗ, 145 ವ್ಯಾಟ್. ಅದೇ ವರ್ಷದ ಎಎಂಡಿ ಆರ್‌ಎಕ್ಸ್ 9060 ಎಕ್ಸ್‌ಟಿ 16 ಜಿಬಿ ಕಾರ್ಡ್‌ಗೆ 160, ಆರ್‌ಟಿಎಕ್ಸ್ 5060 ಟಿಐಗೆ 180. ಇಂಟೆಲ್‌ನ ಆರ್ಕ್ ಬಿ580ರಲ್ಲಿ 12 ಜಿಬಿ ಮೆಮೊರಿ ಇದೆ, ಆದರೆ 190 ವ್ಯಾಟ್. ಅದಕ್ಕೆ ಬೋರ್ಡ್‌ನಲ್ಲಿ ರೀಸೈಜಬಲ್ ಬಾರ್ (ಪ್ರೊಸೆಸರ್‌ಗೆ ಕಾರ್ಡ್‌ನ ಮೆಮೊರಿಯೆಲ್ಲ ಒಟ್ಟಿಗೆ ಸಿಗುವ) ಸೌಲಭ್ಯವೂ ಬೇಕು. ಹಳೆ ಪಿಸಿಗೆ ಅದು ಹೊಂದುವುದಿಲ್ಲ.

ಕಾರ್ಡ್ ತಿಂದ ಕರೆಂಟೆಲ್ಲ ಕೊನೆಗೆ ಶಾಖವಾಗಿ ನಿಮ್ಮ ಕೋಣೆಗೇ ಬರುತ್ತದೆ. 200 ವ್ಯಾಟ್ ಕಾರ್ಡ್ ಎಂದರೆ ಹಳೆ ಕಾಲದ 100 ವ್ಯಾಟ್ ಬಲ್ಬ್ ಎರಡನ್ನು ಮಂಡಿ ಪಕ್ಕ ಹಚ್ಚಿಟ್ಟುಕೊಂಡು ಕೂತಂತೆ. ಕೋಣೆ ಬಿಸಿಯಾದರೆ ಫ್ಯಾನ್ ಮತ್ತೆ ಜೋರು. ಬಿಲ್ ಲೆಕ್ಕವನ್ನೂ ನೋಡಿ. 100 ವ್ಯಾಟ್ ಹೆಚ್ಚು ತಿನ್ನುವ ಕಾರ್ಡ್‌ನಲ್ಲಿ ದಿನಕ್ಕೆ ನಾಲ್ಕು ತಾಸು ಆಡಿದರೆ ತಿಂಗಳಿಗೆ 12 ಯೂನಿಟ್ ಜಾಸ್ತಿ. ಗೃಹಜ್ಯೋತಿ ಮಿತಿಯ ಅಂಚಿನಲ್ಲಿರುವ ಮನೆಗೆ ಅದು ಸಣ್ಣದಲ್ಲ.

ನನ್ನ ಆಯ್ಕೆ ಹೇಳಬೇಕೆಂದರೆ, 1080ಪಿಯಲ್ಲಿ ಆಡುವವರಿಗೆ 115ರಿಂದ 160 ವ್ಯಾಟ್ ಒಳಗಿನ ಕಾರ್ಡೇ ನಮ್ಮ ಊರಿಗೆ ಸರಿ. ಐದಾರು ವರ್ಷ ಇಟ್ಟುಕೊಳ್ಳುವ ಯೋಚನೆ ಇದ್ದರೆ 9060 ಎಕ್ಸ್‌ಟಿಯ 16 ಜಿಬಿ ಮಾದರಿ ಒಳ್ಳೆಯದು. ಹೊಸ ದೊಡ್ಡ ಗೇಮ್‌ಗಳಿಗೆ 8 ಜಿಬಿ ಈಗಲೇ ಬಿಗಿಯಾಗುತ್ತಿದೆ. ಇನ್ನೊಂದು ಲಾಭವೂ ಇದೆ. ಕಾರ್ಡ್‌ಗೂ ಬೋರ್ಡ್‌ಗೂ ನಡುವೆ ಮಾಹಿತಿ ಓಡುವ ದಾರಿಗಳಿಗೆ ಲೇನ್ ಎನ್ನುತ್ತಾರೆ. 5060 ಬೋರ್ಡ್‌ನ 8 ಲೇನ್ ಮಾತ್ರ ಬಳಸುತ್ತದೆ, 9060 ಎಕ್ಸ್‌ಟಿ 16 ಬಳಸುತ್ತದೆ. ಈ ದಾರಿ ನಿಧಾನವಿರುವ ಹಳೆಯ ಪಿಸಿಐಇ 3.0 ಬೋರ್ಡ್ ಇರುವವರಿಗೆ ಈ ವ್ಯತ್ಯಾಸ ಕಾಣುತ್ತದೆ, ಅದರಲ್ಲೂ ಕಾರ್ಡ್‌ನ ಮೆಮೊರಿ ತುಂಬಿದಾಗ.

ಆಫೀಸುಗಳಿಂದ ಬಂದ ರಿಫರ್ಬಿಶ್ಡ್ ಸಣ್ಣ ಡೆಸ್ಕ್‌ಟಾಪ್ ಇರುವವರಿಗೂ ಒಂದು ದಾರಿ ಇದೆ. 2024ರಲ್ಲಿ ಬಂದ ಆರ್‌ಟಿಎಕ್ಸ್ 3050 6 ಜಿಬಿ 70 ವ್ಯಾಟ್‌ನದು. ಅದರಲ್ಲಿ ಬೇರೆ ವೈರ್ ಬೇಡದ, ಅರ್ಧ ಎತ್ತರದ ಮಾದರಿಗಳೂ ಸಿಗುತ್ತವೆ.

ಒಂದೇ ಚಿಪ್, ಹತ್ತು ಡಬ್ಬಿ

ಚಿಪ್ ಎನ್ವಿಡಿಯಾ, ಎಎಂಡಿಯದಾದರೂ ಅದರ ಮೇಲಿನ ಹೀಟ್‌ಸಿಂಕ್ (ಶಾಖ ಹೀರುವ ಲೋಹದ ಭಾಗ), ಫ್ಯಾನ್ ಮಾಡುವವರು ಬೇರೆ ಬೇರೆ ಕಂಪನಿಗಳು. ಸದ್ದಿನ ವ್ಯತ್ಯಾಸ ಇರುವುದೇ ಅಲ್ಲಿ. ಫ್ಯಾನ್ ವೇಗ ಅರ್ಧಕ್ಕೆ ಇಳಿದರೆ ಸದ್ದು ಸುಮಾರು 15 ಡೆಸಿಬಲ್ ಇಳಿಯುತ್ತದೆ. 10 ಡೆಸಿಬಲ್ ಇಳಿದರೇ ಕಿವಿಗೆ ಸದ್ದು ಅರ್ಧವಾದಂತೆ ಕೇಳುತ್ತದೆ. ಹಾಗಾಗಿ ದೊಡ್ಡ ಫ್ಯಾನ್ ನಿಧಾನ ತಿರುಗುವುದೇ ಮೇಲು. ಒಂದೇ ಫ್ಯಾನ್‌ನ ಗಿಡ್ಡ ಕಾರ್ಡ್ ನಮ್ಮ ಬಿಸಿಲಿಗೆ ಬೇಡ, ಕ್ಯಾಬಿನೆಟ್ ಸಣ್ಣದಿದ್ದರೆ ಮಾತ್ರ ಅನಿವಾರ್ಯ. 150 ವ್ಯಾಟ್ ತನಕ ದಪ್ಪ ಹೀಟ್‌ಸಿಂಕ್‌ನ ಎರಡು ಫ್ಯಾನ್ ಸಾಕು. ಅದೇ ಚಿಪ್‌ನ, ಕಾರ್ಖಾನೆಯಲ್ಲೇ ವೇಗ ಸ್ವಲ್ಪ ಏರಿಸಿದ ‘ಓಸಿ’ ಹೆಸರಿನ ಮೂರು ಫ್ಯಾನ್ ಮಾದರಿಗೆ ಕೆಲವು ಸಾವಿರ ಜಾಸ್ತಿ ಕೊಟ್ಟರೆ ಸಿಗುವ ವೇಗ ಶೇ 2–3 ಇದ್ದೀತು, ಅಷ್ಟೇ.

ಬೆಲೆ ತೂಗಲು ಫ್ರೇಮ್‌ಗೆ ಎಷ್ಟು ರೂಪಾಯಿ ಬೀಳುತ್ತದೆ ನೋಡಿ. ಉದಾಹರಣೆಗೆ ₹30,000ಕ್ಕೆ 75 ಫ್ರೇಮ್ ಸಿಕ್ಕರೆ ಒಂದಕ್ಕೆ ₹400. ₹38,000ಕ್ಕೆ 80 ಸಿಕ್ಕರೆ ₹475. ನೀವು ಆಡುವ ಗೇಮ್‌ನ ಅಂಕಿಯನ್ನೇ ಹಿಡಿಯಿರಿ. 2025ರ ಕೊನೆಯಿಂದ ಮೆಮೊರಿ ಚಿಪ್‌ಗಳ ಬೆಲೆ ಎಲ್ಲೆಡೆ ಏರಿದೆ, ಆದ್ದರಿಂದ ಹಳೆ ವಿಡಿಯೊದಲ್ಲಿನ ಬೆಲೆ ನಂಬಿ ಅಂಗಡಿಗೆ ಹೋಗಬೇಡಿ.

ಕಂಪ್ಯೂಟರ್ ಮಾರುಕಟ್ಟೆಗಳಲ್ಲಿ ರಾಯಚೂರಿನವರಿಗೆ ಬೆಂಗಳೂರಿನ ಎಸ್‌ಪಿ ರೋಡ್‌ಗಿಂತ ಸಿಕಂದರಾಬಾದ್‌ನ ಸಿಟಿಸಿ ಹತ್ತಿರ. ಬಳ್ಳಾರಿ, ಕೊಪ್ಪಳದವರು ಎರಡೂ ಕಡೆ ಬೆಲೆ ಕೇಳಿ. ಊರಿನ ಅಂಗಡಿಯಲ್ಲಿ ನೂರಿನ್ನೂರು ಜಾಸ್ತಿಯಾದರೂ ನಾನು ಅಲ್ಲೇ ಕೊಳ್ಳಿ ಅನ್ನುತ್ತೇನೆ. ಕೆಟ್ಟರೆ ಒಯ್ದು ಕೊಡಲು ಒಂದು ಬಾಗಿಲಿರುತ್ತದೆ, ಅಲ್ವಾ? ‘ಅಣ್ಣಾ, ಹಚ್ಚಿ ತೋರಿಸ್ರಿ, ಫ್ಯಾನಿನ ಸಪ್ಪಳ ಕೇಳ್ತೀನಿ’ ಎಂದು ಕೇಳಲು ಹಿಂಜರಿಯಬೇಡಿ. ಜಿಎಸ್‌ಟಿ ಬಿಲ್‌ನಲ್ಲಿ ಸೀರಿಯಲ್ ನಂಬರ್ ಇರಲಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಜಿಟಿಎಕ್ಸ್ 1050 ಟಿಐ, 1060 ಕಡೆ ಹೋಗಬೇಡಿ. ಆ ತಲೆಮಾರಿಗೆ ಎನ್ವಿಡಿಯಾ ಹೊಸ ಗೇಮ್ ಡ್ರೈವರ್ ಕೊಡುವುದನ್ನು 2025ರ ಅಕ್ಟೋಬರ್‌ಗೆ ನಿಲ್ಲಿಸಿದೆ. ಬೇರೆ ಯಾವುದೇ ಕಾರ್ಡ್ ಆದರೂ ಜಿಪಿಯು–ಝಡ್ ತಂತ್ರಾಂಶ ಹಾಕಿ ನೋಡಿ, ಹೆಸರು ಬದಲಿಸಿದ ನಕಲಿ ಕಾರ್ಡ್‌ಗಳನ್ನು ಅದು ಬಹುಪಾಲು ಹಿಡಿಯುತ್ತದೆ. ಹದಿನೈದು ನಿಮಿಷ ಗೇಮ್ ಓಡಿಸಿ. ಫ್ಯಾನ್ ಗರಗರ ಅಂದರೆ ಬೇರಿಂಗ್ ಸವೆದಿದೆ.

ಮನೆಗೆ ತಂದ ಮೇಲೆ

ಮೊದಲ ದಿನವೇ ಫ್ರೇಮ್ ಮಿತಿ ಹಾಕಿ. ಮಾನಿಟರ್ 60 ಹರ್ಟ್ಸ್ ಆದರೆ 60ಕ್ಕೆ. ಬರೀ ಇಷ್ಟರಿಂದಲೇ ಹಗುರ ಗೇಮ್‌ಗಳಲ್ಲಿ ಕಾರ್ಡ್‌ನ ವ್ಯಾಟ್ ಬಹಳ ಇಳಿಯುತ್ತದೆ. ಕೆಲವು ಕಾರ್ಡ್‌ಗಳಿಂದ ಬರುವ ‘ಕೀಂ’ ಎನ್ನುವ ಸಣ್ಣ ಸದ್ದೂ ಕಡಿಮೆಯಾಗುತ್ತದೆ. ಅದು ಫ್ಯಾನಿನದಲ್ಲ, ಕಾರ್ಡ್‌ನ ಕಾಯಿಲ್‌ಗಳು ನಡುಗುವ ಸದ್ದು. ಫ್ರೇಮ್ ಜಾಸ್ತಿಯಾದಷ್ಟೂ ಜೋರಾಗುತ್ತದೆ.

ನಂತರ ಆಫ್ಟರ್‌ಬರ್ನರ್‌ನಲ್ಲಿ ಪವರ್ ಲಿಮಿಟನ್ನು (ಕಾರ್ಡ್ ತಿನ್ನಬಹುದಾದ ವ್ಯಾಟ್‌ನ ಮಿತಿ) ಶೇ 80ಕ್ಕೆ ಇಳಿಸಿ ಆಡಿ ನೋಡಿ. ಎಎಂಡಿ ಕಾರ್ಡ್‌ಗಳಲ್ಲಿ ಅವರದೇ ಅಡ್ರಿನಲಿನ್ ತಂತ್ರಾಂಶದಲ್ಲಿ ವೋಲ್ಟೇಜ್ ಸ್ವಲ್ಪ ಸ್ವಲ್ಪವೇ ಇಳಿಸಬಹುದು. ಫ್ರೇಮ್ ನಷ್ಟ ಕೆಲವೇ ಶೇಕಡಾ, ಸದ್ದಿನ ಇಳಿಕೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ಗೇಮ್ ನಡುವೆ ನಿಂತುಬಿಟ್ಟರೆ ಒಂದು ಹೆಜ್ಜೆ ಹಿಂದೆ ಬನ್ನಿ.

ನಮ್ಮ ಹವೆಗೇ ಸೇರಿದ ಒಂದು ತೊಂದರೆ ಇದೆ. ಈಗಿನ ಬಹುತೇಕ ಕಾರ್ಡ್‌ಗಳ ಫ್ಯಾನ್ ಚಿಪ್ ತಣ್ಣಗಿದ್ದಾಗ ಪೂರ್ತಿ ನಿಂತಿರುತ್ತದೆ, ಸುಮಾರು 50–55 ಡಿಗ್ರಿಗೆ ತಿರುಗಲು ಶುರು ಮಾಡುತ್ತದೆ. ಮೇ ತಿಂಗಳಲ್ಲಿ ಸುಮ್ನೆ ಬ್ರೌಸ್ ಮಾಡುವಾಗಲೇ ಚಿಪ್ ಆ ಗೆರೆಯ ಹತ್ತಿರ ಇರುತ್ತದೆ. ಆಗ ಫ್ಯಾನ್ ನಿಮಿಷಕ್ಕೊಮ್ಮೆ ಶುರುವಾಗಿ ನಿಲ್ಲುತ್ತದೆ. ಒಂದೇ ಸಮನೆ ಬರುವ ಸದ್ದಿಗಿಂತ ಇದು ಜಾಸ್ತಿ ಕಿರಿಕಿರಿ. ಬೇಸಿಗೆಯ ಮಟ್ಟಿಗೆ ಈ ಸೌಲಭ್ಯ ತೆಗೆದು ಫ್ಯಾನನ್ನು ಶೇ 30ರಲ್ಲಿ ಸದಾ ತಿರುಗಲು ಬಿಡಿ. ಸೀಲಿಂಗ್ ಫ್ಯಾನ್ ಸದ್ದಿನ ನಡುವೆ ಅದು ಕೇಳಿಸುವುದೇ ಇಲ್ಲ. ಏರ್ ಕೂಲರ್ ಇರುವವರು ಅದರ ಗಾಳಿ ನೇರ ಪಿಸಿಗೆ ಹೊಡೆಯದಂತೆ ತಿರುಗಿಸಿಡಿ. ನೀರ ಹನಿ ಸಿಡಿದರೆ ಬೋರ್‌ವೆಲ್ ನೀರಿನ ಉಪ್ಪು ಬೋರ್ಡ್ ಮೇಲೆ ಕೂರುತ್ತದೆ.

ಇನ್ನು ಧೂಳು. ಬಳ್ಳಾರಿ, ಸಂಡೂರು ಕಡೆ ಅದಿರಿನ ಕೆಂಪು ಧೂಳು, ಕೊಪ್ಪಳದ ಗಿಣಿಗೇರಾ ಸುತ್ತ ಕಾರ್ಖಾನೆಗಳ ಕರಿ ಧೂಳು, ರಾಯಚೂರಿನಲ್ಲಿ ಹತ್ತಿ ಜಿನ್ನಿಂಗ್ ಮತ್ತು ರೈಸ್ ಮಿಲ್‌ಗಳದ್ದು. ಅರಳೆಯ ಎಳೆಗಳು ಫ್ಯಾನ್ ಮತ್ತು ಹೀಟ್‌ಸಿಂಕ್ ನಡುವೆ ಹಾಸಿಕೊಂಡು ಕಂಬಳಿಯಂಥ ಪದರ ಮಾಡುತ್ತವೆ. ಹೊರಗಿನಿಂದ ನೋಡಿದರೆ ಕಾರ್ಡ್ ಸ್ವಚ್ಛವಾಗೇ ಕಾಣುತ್ತದೆ. ಟಾರ್ಚ್ ಹಿಡಿದು ರೆಕ್ಕೆಗಳ ಸಂದಿಯಲ್ಲಿ ನೋಡಿ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಪಿಸಿಯನ್ನು ಅಂಗಳಕ್ಕೆ ಒಯ್ದು ಬ್ಲೋವರ್‌ನಿಂದ ಊದಿ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ. ಹಾಗೇ ಬಿಟ್ಟರೆ ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಕಾರ್ಡ್ ಹೊಸದಿದ್ದಾಗಲೇ ಒಂದು ಗೇಮನ್ನು ಅರ್ಧ ತಾಸು ಆಡಿ ಕೋಣೆಯ ಉಷ್ಣಾಂಶ, ಚಿಪ್ ಉಷ್ಣಾಂಶ, ಫ್ಯಾನ್ ವೇಗ ಮೂರನ್ನೂ ಬರೆದಿಡಿ. ಮುಂದೆ ಅದೇ ಗೇಮ್, ಅದೇ ಫ್ಯಾನ್ ವೇಗದಲ್ಲಿ ಕೋಣೆಗೂ ಚಿಪ್‌ಗೂ ನಡುವಿನ ಅಂತರ 10 ಡಿಗ್ರಿ ಹೆಚ್ಚಾಗಿದ್ದರೆ ಧೂಳು ತೆಗೆಯಿರಿ. ಆಗಲೂ ಇಳಿಯದಿದ್ದರೆ ಚಿಪ್‌ನ ಶಾಖವನ್ನು ಹೀಟ್‌ಸಿಂಕ್‌ಗೆ ದಾಟಿಸುವ ಒಳಗಿನ ಥರ್ಮಲ್ ಪೇಸ್ಟ್ ಒಣಗಿರಬಹುದು. ಬಹಳಷ್ಟು ಕಾರ್ಡ್‌ಗಳಿಗೆ ಮೂರು ವರ್ಷ ವಾರಂಟಿ ಇರುತ್ತದೆ. ಸ್ಕ್ರೂ ಮೇಲಿನ ಸ್ಟಿಕರ್ ಕಿತ್ತರೆ ಕೆಲವು ಕಂಪನಿಗಳು ತಕರಾರು ತೆಗೆಯುತ್ತವೆ, ಆದ್ದರಿಂದ ಆ ಅವಧಿ ಮುಗಿದಿಲ್ಲದಿದ್ದರೆ ನೀವೇ ಬಿಚ್ಚದೆ ಬಿಲ್ ಸಮೇತ ಅಂಗಡಿಗೆ ಒಯ್ಯಿರಿ.