ಹತ್ತು ಮಗ್ಗಕ್ಕೆ ಒಬ್ಬ ಜಾಬರ್ ಸಾಕೇ?

ದೊಡ್ಡಬಳ್ಳಾಪುರದಲ್ಲೋ ಬನಹಟ್ಟಿಯಲ್ಲೋ ಹತ್ತು ವಿದ್ಯುತ್ ಮಗ್ಗಗಳ ಶೆಡ್ ಇದೆ ಎಂದುಕೊಳ್ಳಿ. ಪ್ರತಿ ಮಗ್ಗ ಸರಾಸರಿ 20 ಗಂಟೆ ಓಡಿ ಕೆಡುತ್ತದೆ. ಜಾಬರ್, ಅಂದರೆ ಮಗ್ಗ ರಿಪೇರಿಯ ಮೆಕ್ಯಾನಿಕ್, 2 ಗಂಟೆಯಲ್ಲಿ ಸರಿಮಾಡುತ್ತಾರೆ. ಹತ್ತಕ್ಕೂ ಸೇರಿ 20 ಗಂಟೆಯ ಕೆಲಸ, ಒಬ್ಬರೇ ಸಾಕು ಅನ್ನಿಸುತ್ತದೆ. ಆದರೆ ಮಗ್ಗಗಳು ಸರದಿ ಹಿಡಿದು ಕೆಡುವುದಿಲ್ಲ. ಒಂದು ದಿನ ಮೂರು ಒಟ್ಟಿಗೆ ನಿಲ್ಲುತ್ತವೆ, ಮರುದಿನ ಒಂದೂ ಇಲ್ಲ. ಸ್ವೀಡನ್ನಿನ ಎಂಜಿನಿಯರ್ ಕಾನಿ ಪಾಮ್ 1947ರಲ್ಲಿ ಲೆಕ್ಕಕ್ಕೆ ಇಳಿಸಿದ್ದು ಇದೇ ತೊಡಕನ್ನು.

ಮೊದಲು ಒಂದು ತಿಂಗಳು ಪುಸ್ತಕ ಇಡಿ. ಮಗ್ಗ ನಿಂತದ್ದು, ಜಾಬರ್ ಕೈಹಾಕಿದ್ದು, ಮತ್ತೆ ಓಡಿದ್ದು: ಮೂರೂ ಹೊತ್ತು ಬರೆಯಿರಿ. ನಡುವಿನದನ್ನು ಬಿಟ್ಟರೆ ಕಾದ ಹೊತ್ತೆಲ್ಲ ರಿಪೇರಿಯ ಖಾತೆಗೆ ಹೋಗಿ, ಜಾಬರ್ ನಿಧಾನ ಎಂಬ ಸುಳ್ಳು ದೂರು ಹುಟ್ಟುತ್ತದೆ. ನೂಲು ಹರಿದು ನೇಕಾರರೇ ಗಂಟು ಹಾಕಿದ್ದು, ಕರೆಂಟ್ ಹೋದದ್ದು ಇದರಲ್ಲಿ ಸೇರಬಾರದು.

ಈಗ ಗುಣಾಕಾರ. ರಿಪೇರಿ 2, ಓಟ 20, ಭಾಗಿಸಿದರೆ 0.1. ಮೊದಲು 1 ಬರೆಯಿರಿ. ಅದನ್ನು 10×0.1ರಿಂದ, ಬಂದದ್ದನ್ನು 9×0.1ರಿಂದ, ಹಾಗೇ 1×0.1ರವರೆಗೆ ಗುಣಿಸುತ್ತ ಹೋಗಿ: 1, 1, 0.9, 0.72, 0.504... ಹನ್ನೊಂದೂ ಸಂಖ್ಯೆ ಕೂಡಿದರೆ 4.66. ಒಂದನ್ನು ಇದರಿಂದ ಭಾಗಿಸಿದರೆ 0.215, ಜಾಬರ್ ಖಾಲಿ ಇರುವ ಪಾಲು ಇದು. ಉಳಿದ 0.785ನ್ನು 0.1ರಿಂದ ಭಾಗಿಸಿ: ಸರಾಸರಿ ಓಡುವುದು 7.85 ಮಗ್ಗ ಮಾತ್ರ. ನಿಂತ 2.15ರಲ್ಲಿ ಜಾಬರ್ ಕೈಯಲ್ಲಿರುವುದು 0.785, ಮಿಕ್ಕವು ಸುಮ್ಮನೆ ಕಾಯುತ್ತವೆ. ಗಂಟೆಗೆ ಕೆಡುವುದು 7.85÷20, ಅಂದರೆ 0.393. ಕಾಯುವ 1.36ನ್ನು ಇದರಿಂದ ಭಾಗಿಸಿದರೆ ಸುಮಾರು ಮೂರೂವರೆ ಗಂಟೆ. ರಿಪೇರಿಗಿಂತ ಕಾಯುವುದೇ ಹೆಚ್ಚು!

ಇಬ್ಬರು ಜಾಬರ್ ಇದ್ದರೆ 8.96 ಮಗ್ಗ ಓಡುತ್ತವೆ, ಕಾಯುವುದು 19 ನಿಮಿಷ. ಹೆಚ್ಚುವರಿ 1.1 ಮಗ್ಗದ ನೇಯ್ಗೆಯಿಂದ ಇನ್ನೊಂದು ಸಂಬಳ ಹುಟ್ಟುತ್ತದೆಯೇ ನೋಡಿ. ಅದಕ್ಕೂ ಮುಂಚೆ ಅಗ್ಗದ ದಾರಿ ಹಿಡಿಯಿರಿ: ಲಾಳಿ ತಳ್ಳುವ ಪಿಕ್ಕರ್, ಪಿಕಿಂಗ್ ಸ್ಟಿಕ್, ಬೆಲ್ಟಿನಂಥ ಬಿಡಿಭಾಗ ಶೆಡ್ಡಿನಲ್ಲೇ ಇಟ್ಟು, ಪೇಟೆಗೆ ಓಡುವ ಅರ್ಧ ಗಂಟೆ ಉಳಿಸಿ. ರಿಪೇರಿ ಒಂದೂವರೆ ಗಂಟೆಗೆ ಇಳಿದರೆ ಒಬ್ಬರೇ 8.62 ಮಗ್ಗ ಓಡಿಸುತ್ತಾರೆ. ಕಾಯುವ ಹೊತ್ತು ಅರ್ಧಕ್ಕೆ, 1 ಗಂಟೆ 42 ನಿಮಿಷಕ್ಕೆ ಬರುತ್ತದೆ.

ರಿಪೇರಿ ಕೆಲವೊಮ್ಮೆ ಹತ್ತು ನಿಮಿಷ, ಕೆಲವೊಮ್ಮೆ ಇಡೀ ದಿನ ಎಂಬಂಥ ಏರುಪೇರಿಗೆ ಈ ಸೂತ್ರ ಹೊಂದುತ್ತದೆ; ಎಲ್ಲವೂ ಹೆಚ್ಚುಕಡಿಮೆ ಒಂದೇ ಹೊತ್ತಿನವಾದರೆ ಕಾಯುವುದು ಇಷ್ಟಿರದು. ಚಿಕ್ಕ ಕೆಲಸ ಮೊದಲು ಮುಗಿಸಿದರೆ ಸರಾಸರಿ ಇನ್ನೂ ತಗ್ಗುತ್ತದೆ. ಆದರೆ ಕ್ರ್ಯಾಂಕ್ ಶಾಫ್ಟ್ ಹೋದ ಮಗ್ಗ ಮೂಲೆಗುಂಪಾಗದಂತೆ, ಒಂದು ಪಾಳಿಗಿಂತ ಹೆಚ್ಚು ಕಾದದ್ದನ್ನು ಮುಂದಕ್ಕೆ ತನ್ನಿ.