ಬಾಯಿ ಮುಚ್ಕೊಂಡು ಕೂತಿದ್ದೇ ಛಲೋ ಆತು

ನಾನು ರಾಯಚೂರಿನಾಕಿ, ನಮ್ಮ ಚರ್ಚಿನ ಮಹಿಳಾ ಕೂಟದಾಗ ಅದೀನಿ, ಸಾವಾದ ಮನಿ, ರಿಮ್ಸ್ ಸರ್ಕಾರಿ ದವಾಖಾನಿ ವಾರ್ಡು ಅಂತ ಭೇಟಿಗೆ ಹೋಗೋ ಕೆಲಸ ನಂದೇ. ಮೊದಮೊದಲು ತಪ್ಪು ಮಾಡಿದ್ದೇ ಜಾಸ್ತಿ.

ದೇವಸೂಗೂರು ಕಡೆ ನಮ್ಮ ಸಭೆಯ ಒಬ್ಬ ಅಕ್ಕನ ಗಂಡ ರಾತ್ರಿ ಮಲಗಿದವರು ಏಳಲೇ ಇಲ್ಲ. ನಾ ಹೋದಾಕಿನೇ ಬೈಬಲ್ ತೆಗೆದು "ಎಲ್ಲಾ ದೇವರ ಚಿತ್ತ ಅಕ್ಕಾ, ಅವರು ಕರ್ತನ ಹತ್ರ ಅದಾರ" ಅಂದೆ. ಆಕಿ ಗೋಡೆ ಕಡೆ ಮುಖ ತಿರುವಿ, "ನಿನ್ನ ಗಂಡ ಸಂಜಿಗೆ ಮನಿಗೆ ಬರ್ತಾನಲ್ಲ" ಅಂದ್ಲು. ಅಷ್ಟೇ.

ಮನಿಗೆ ಬಂದು ಬೈಬಲ್ಲಿನಾಗ ಯೋಬನ ಪುಸ್ತಕ ತೆಗೆದೆ, ಮಕ್ಕಳು, ಆಸ್ತಿ ಎಲ್ಲಾ ಕಳ್ಕೊಂಡಾವ ಅವ. ಅವನ ಮೂರು ಮಂದಿ ಗೆಳೆಯರು 7 ಹಗಲು 7 ರಾತ್ರಿ ಮಾತಾಡದೇ ಅವನ ಜೋಡಿ ನೆಲದ ಮ್ಯಾಲ ಕೂತಿದ್ರು, ಅಲ್ಲಿತನಕ ಎಲ್ಲಾ ಛಲೋನೇ ಇತ್ತು, ಬಾಯಿ ತೆಗೆದು ಬುದ್ಧಿ ಹೇಳಾಕ ನಿಂತ ಮ್ಯಾಲ ಕೆಡ್ತು, ನಾನೂ ಅದನ್ನೇ ಮಾಡಿ ಬಂದಿದ್ದೆ.

ಮರುದಿನ ಬೈಬಲ್ ಬ್ಯಾಗಿನಾಗೇ ಇಟ್ಟು ಜ್ವಾಳದ ರೊಟ್ಟಿ, ಪುಂಡಿಪಲ್ಯ ಡಬ್ಬಿ ಹಿಡ್ಕೊಂಡು ಹೋದೆ, ಪಾತ್ರೆ ತಿಕ್ಕಿದೆ, ಸುಮ್ನೆ ಕೂತೆ. ಮನಿಯಾಗ ತೀರಿದ್ರ 21 ದಿನದೊಳಗ ಮರಣ ನೋಂದಣಿ ಮಾಡಿಸ್ಬೇಕು, ಆ ಓಡಾಟ, ಆಮ್ಯಾಲ ವಿಧವಾ ವೇತನಕ್ಕ ನಾಡಕಚೇರಿ, ಬ್ಯಾಂಕು, ಇದಕ್ಕೆಲ್ಲ ಕೂಟದಾಗ ಒಬ್ಬೊಬ್ಬರು ಒಂದೊಂದು ದಿನ ಹಂಚ್ಕೊಂಡ್ವಿ. ಮಣ್ಣು ಕೊಟ್ಟ ದಿನ ಮನಿ ತುಂಬ ಮಂದಿ ಇರ್ತಾರ್ರೀ, ಮೂರು ತಿಂಗಳಾದ ಮ್ಯಾಲ ಹೊಸ್ತಿಲು ತುಳಿಯೋರು ಯಾರಿಲ್ಲ. ಅದಕ್ಕ ನಾವು ಕ್ಯಾಲೆಂಡರಿನಾಗ ಮೂರನೇ ತಿಂಗಳು, ಮದುವಿ ದಿನ, ಕ್ರಿಸ್ಮಸ್ಸು ಗುರುತು ಹಾಕಿ ಇಡ್ತೀವಿ.

ಜಡ್ಡಿನವರಿಗೆ ಎಣ್ಣಿ ಹಚ್ಚಿ ಪ್ರಾರ್ಥನೆ ಮಾಡ್ತೀವಿ ಖರೆ, ಆದ್ರ ಗುಳಿಗಿ ಬಿಡು ಅಂತ ಯಾರೂ ಹೇಳಂಗಿಲ್ಲ, ಹೇಳಿದ್ರ ನಾ ಜಗಳಾನೇ ತೆಗೀತೀನಿ. ಅಳೋರಿಗೆ "ವಿಶ್ವಾಸ ಕಮ್ಮಿ" ಅನ್ನೋರು ನಮ್ಮಲ್ಲೂ ಅದಾರ. ಅಂಥವರ ಮುಂದ ನಾ ಬೈಬಲ್ಲಿನ 88ನೇ ಕೀರ್ತನೆ ಓದ್ತೀನಿ, ಅದು ಕತ್ತಲಿಯೊಳಗೇ ಮುಗೀತದ, ಕೊನಿಗೆ ಒಂದು ಸ್ತೋತ್ರನೂ ಇಲ್ಲ.

ಆ ಅಕ್ಕ ನಾಕು ತಿಂಗಳು ನನ್ನ ಜೋಡಿ ಸರಿಯಾಗಿ ಮಾತಾಡ್ಲಿಲ್ಲ. ಒಂದಿನ ಡಬ್ಬಿ ತೆಗೆದು ಒಂದು ತುತ್ತು ಬಾಯಿಗಿಟ್ಟು, "ಪಲ್ಯಕ್ಕ ಉಪ್ಪು ಜಾಸ್ತಿ ಆಗ್ಯದ, ಯಾರು ಕಲಿಸಿದ್ರು ನಿನಗ ಅಡಿಗಿ?" ಅಂದ್ಲು.